ಆಟದಲ್ಲಿ ನೂರಕ್ಕೆ ನೂರು, ಬಸ್ಸಿನ ಬೋರ್ಡು ಮಾತ್ರ ಓದಲ್ಲ

ಪ್ರಶ್ನೆ: ನಾವು ಕಾರವಾರದವರು. ಮನೆಮಾತು ಕೊಂಕಣಿ. ಮಗನಿಗೆ ಐದೂವರೆ ವರ್ಷ, ಯುಕೆಜಿಯಲ್ಲಿದ್ದಾನೆ. ಜುಲೈನಲ್ಲಿ ಮಳೆಗೆ ರಜೆ ಮೇಲೆ ರಜೆ ಬಂದಾಗ ಕನ್ನಡ ಓದಲು ಕಲಿಸುವ ಒಂದು ಗೇಮ್ ಮೊಬೈಲಿಗೆ ಹಾಕಿಕೊಟ್ಟೆ. ವರ್ಷದ ಚಂದಾ ಕೂಡ ಕಟ್ಟಿದೆ. ಮೂರೇ ತಿಂಗಳಲ್ಲಿ ಎಲ್ಲ ಹಂತ ಮುಗಿಸಿದ್ದಾನೆ, ಪರದೆ ತುಂಬ ನಕ್ಷತ್ರ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ತೋರಿಸಿದರೆ ಒಂದಕ್ಷರ ಓದುವುದಿಲ್ಲ. ಚಿತ್ರ ನೋಡಿ ಅಕ್ಷರ ಹೇಳು ಅಂದರೆ ಕೆಲವು ಸಲ ಏನೇನೋ ಒತ್ತುತ್ತಾನೆ. ಇವರು ಬೋಟಿಗೆ ಹೋದರೆ ಸುಮಾರು ದಿನ ಬರುವುದಿಲ್ಲ. ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಗೆ ಓದು ಬರುವುದಿಲ್ಲ. ತಪ್ಪು ಆಟದ್ದಾ, ಮಗನದ್ದಾ? ಯಾವ ಗೇಮ್ ಒಳ್ಳೆಯದು? ದಿನಕ್ಕೆ ಎಷ್ಟು ಹೊತ್ತು ಕೊಡಬಹುದು?

ಉತ್ತರ: ಮಗನದ್ದು ತಪ್ಪಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಇಂಥ ಪತ್ರ ಬರೆಯುವ ತಾಯಂದಿರು ಉತ್ತರದಲ್ಲಿ ಮೊದಲು ಹುಡುಕುವುದು ಅದನ್ನೇ. ಐದೂವರೆ ವರ್ಷಕ್ಕೆ ಬಸ್ಸಿನ ಬೋರ್ಡ್ ಓದಲಿಲ್ಲ ಅಂದರೆ ಹುಡುಗ ಹಿಂದೆ ಬಿದ್ದ ಅಂತಲ್ಲ.

ಇನ್ನು ಆಟದ ವಿಷಯ. ಇವತ್ತು ಸಂಜೆ ಅವನು ಆಡುವಾಗ ಪಕ್ಕದಲ್ಲಿ ಕೂತು ಚಿತ್ರದ ಮೇಲೆ ಹೆಬ್ಬೆರಳು ಇಡಿ. ಅಕ್ಷರ ಮಾತ್ರ ಕಾಣಲಿ. ಅಲ್ಲಿಗೆ ಅವನು ನಿಂತುಬಿಟ್ಟರೆ ಇಷ್ಟು ದಿನ ಓದುತ್ತಿದ್ದದ್ದು ಚಿತ್ರವನ್ನು, ಅಕ್ಷರವನ್ನಲ್ಲ. ಆಮೇಲೆ ಹೆಬ್ಬೆರಳು ತೆಗೆದು ಸೌಂಡ್ ಪೂರ್ತಿ ಬಂದ್ ಮಾಡಿ. ಆಗಲೂ ಸಲೀಸಾಗಿ ಗೆದ್ದರೆ ಅವನು ಧ್ವನಿಯನ್ನೂ ಕೇಳಿಸಿಕೊಳ್ಳುತ್ತಿಲ್ಲ. ಯಾವ ಹಂತದಲ್ಲಿ ಯಾವ ಬಣ್ಣದ ಬಲೂನು, ಎಷ್ಟನೇ ಮೀನು, ಅಷ್ಟನ್ನೇ ನೆನಪಿಟ್ಟಿದ್ದಾನೆ. ಮಕ್ಕಳಿಗೆ ಅದೇನು ದೊಡ್ಡ ಕೆಲಸವಲ್ಲ. ಓದದೆ ಗೆಲ್ಲಲು ದಾರಿ ಇದ್ದರೆ ಮಗು ಆ ದಾರಿಯನ್ನೇ ಹಿಡಿಯುತ್ತದೆ. ನಾವಾದರೂ ಅಷ್ಟೇ ಅಲ್ವಾ?

ಅಂಕೋಲಾ ಹತ್ತಿರದ ಒಂದು ಶಾಲೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಒಂದನೇ ತರಗತಿಯ ಹುಡುಗಿ, ಟ್ಯಾಬ್ ಹಿಡಿದು ಬಲೂನು ಒಡೆಯುವ ಆಟ ಆಡುತ್ತಿದ್ದಳು. ಹತ್ತಕ್ಕೆ ಹತ್ತು ಸರಿ. ಆದರೆ ಪ್ರತಿ ಸಲ ಒತ್ತುವ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತಿದ್ದಳು. ಯೋಚನೆ ಮಾಡುತ್ತಿದ್ದಾಳೆ ಅಂತ ನಾನು ಖುಷಿಪಟ್ಟೆ. ಯಾಕೆ ಕಾಯ್ತೀಯಾ ಅಂತ ಕೇಳಿದರೆ ಪಿಸುದನಿಯಲ್ಲಿ ಹೇಳಿದಳು: "ಟೀಚರ್, ಸುಮ್ನೆ ಇದ್ರೆ ಸರಿ ಇರೋದು ಅಲ್ಲಾಡ್ತದೆ." ಮಗು ತಡ ಮಾಡಿದರೆ ಸುಳಿವು ಸಿಗಲಿ ಅಂತ ಆಟ ಮಾಡಿದವರು ಸರಿಯಾದ ಬಲೂನನ್ನು ಐದಾರು ಸೆಕೆಂಡಿಗೆ ಅಲ್ಲಾಡಿಸುತ್ತಿದ್ದರು. ಅವಳು ಅದನ್ನು ಕಂಡುಹಿಡಿದಿದ್ದಳು. ಒಂದೂ ಅಕ್ಷರ ಬರುತ್ತಿರಲಿಲ್ಲ.

ಬೇರೆಯವರನ್ನು ಆಡಿಕೊಂಡು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಶಿರಸಿಯ ಇಬ್ಬರು ಹುಡುಗರು ಕನ್ನಡ ಕಾಗುಣಿತದ ಒಂದು ಆಟ ಮಾಡಿದಾಗ ಸಲಹೆ ಕೊಡಲು ಕೂತವಳು ನಾನೇ. ಸರಿ ಒತ್ತಿದರೆ ಕಪ್ಪೆ ಒಂದು ಎಲೆಯಿಂದ ಇನ್ನೊಂದಕ್ಕೆ ಹಾರುತ್ತದೆ, ತಪ್ಪು ಒತ್ತಿದರೆ ಬುಳುಕ್ ಅಂತ ನೀರಿಗೆ ಬೀಳುತ್ತದೆ. ನನಗೆ ಬಹಳ ಚಂದ ಕಂಡಿತು. ಮಕ್ಕಳ ಕೈಗೆ ಕೊಟ್ಟೆವು. ಎಲ್ಲರೂ ಬೇಕಂತಲೇ ತಪ್ಪು ಒತ್ತತೊಡಗಿದರು, ಕಪ್ಪೆ ಬೀಳುವುದೇ ಜಾಸ್ತಿ ಮಜಾ! ತಪ್ಪಿಗೆ ಸಿಗುವ ತಮಾಷೆ ಸರಿಗಿಂತ ದೊಡ್ಡದಿರಬಾರದು ಅನ್ನುವುದು ಇಪ್ಪತ್ತೆಂಟು ವರ್ಷ ಪಾಠ ಮಾಡಿದ ನನಗೆ ಹೊಳೆದಿರಲಿಲ್ಲ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಹಿಡಿದ ಸಾಲಿಗೆ ಬರುತ್ತೇನೆ. ಚಿತ್ರ ತೋರಿಸಿದರೆ ಏನೇನೋ ಒತ್ತುತ್ತಾನೆ ಅಂದಿರಿ. ಏನೇನೋ ಅಂದರೆ ಏನು? ಒಂದು ಚೀಟಿಯಲ್ಲಿ ಬರೆದಿಡಿ. ನೀರಿನ ಚಿತ್ರಕ್ಕೆ ಅವನು ಉ ಒತ್ತುತ್ತಿದ್ದಾನಾ? ಮನೆಯ ಚಿತ್ರಕ್ಕೆ ಘ? ಹಾಗಿದ್ದರೆ ಅವನದ್ದು ಸರಿ ಉತ್ತರ. ನೀರು ಅವನಿಗೆ ಉದಕ, ಮನೆ ಘರ. ಚಿತ್ರ ನೋಡಿದ, ಮನಸ್ಸಿನಲ್ಲೇ ಹೆಸರು ಹೇಳಿಕೊಂಡ, ಮೊದಲ ಸದ್ದು ಬೇರೆ ಮಾಡಿದ, ಆ ಸದ್ದಿನ ಅಕ್ಷರ ಹುಡುಕಿ ಒತ್ತಿದ. ಓದಿಗೆ ಬೇಕಾದ ಕೆಲಸ ಇದೇ. ಅದಕ್ಕೆ ಆಟ ಕೊಟ್ಟದ್ದು ಒಂದು ಕೆಂಪು ಕಾಟು ಮತ್ತು ಬೇಜಾರಿನ ಮ್ಯೂಸಿಕ್ಕು. ಎರಡು ಮೂರು ಸಲ ಹೀಗಾದರೆ ಯಾವ ಮಗುವಾದರೂ ಸದ್ದು ಕೇಳಿಸಿಕೊಳ್ಳುವುದನ್ನೇ ಬಿಟ್ಟು ಬಣ್ಣ, ಜಾಗ ನೆನಪಿಡಲು ಶುರುಮಾಡುತ್ತದೆ.

ಇದು ಕೊಂಕಣಿ ಮನೆಗಳ ಕಥೆ ಮಾತ್ರವಲ್ಲ. ಕನ್ನಡದ್ದೇ ಮನೆಯಲ್ಲೂ ಈ ಅಂದರೆ ಈರುಳ್ಳಿ ಅನ್ನುತ್ತದೆ ಆಟ. ನಮ್ಮ ಕರಾವಳಿಯ ಮಗು ನೀರುಳ್ಳಿ ಅನ್ನುತ್ತದೆ, ನೀ ಹುಡುಕುತ್ತದೆ. ಐ ಅಂದರೆ ಐರಾವತ ಅಂತ ಬಿಳಿ ಆನೆ ಬರುತ್ತದೆ. ಶಿರಸಿಯಲ್ಲಿ ಒಬ್ಬ ಹುಡುಗ ಅದನ್ನು ನೋಡಿ ಆನೆ ಅಂತ ಆ ಒತ್ತಿದ. ಅವನ ಪಾಲಿಗೆ ಐರಾವತ ಅಂದರೆ ಬೆಂಗಳೂರಿಗೆ ಹೋಗುವ ಬಸ್ಸು. ಯಾರು ಅವನನ್ನು ತಪ್ಪು ಅನ್ನಬೇಕು?

ಕೊಂಕಣಿಯಿಂದ ನಿಮ್ಮ ಮಗನಿಗೆ ಲಾಭವೇ ಇದೆ. ನೀರು ಅನ್ನುವ ಪದ ನೋಡಿ: ನೀ, ರು. ಎರಡಕ್ಷರವೇ ಆದರೂ ಎರಡಕ್ಕೂ ಗುಣಿತದ ಚಿಹ್ನೆ. ಉದಕ ನೋಡಿ: ಉ, ದ, ಕ. ಮೂರೂ ಬಿಡಿ ಅಕ್ಷರ, ತಲೆಕಟ್ಟು ಬಿಟ್ಟರೆ ಮೇಲೆ ಕೆಳಗೆ ಏನೂ ಇಲ್ಲ. ಘರ ಕೂಡ ಹಾಗೇ. ಘ ಅನ್ನು ಗ ಅಂತಲೇ ಹೇಳುವ ಮಕ್ಕಳು ಕನ್ನಡ ಮನೆಗಳಲ್ಲಿ ಬೇಕಾದಷ್ಟು. ನಿಮ್ಮವನು ದಿನಕ್ಕೆ ಹತ್ತು ಸಲ ಘರ, ಭಾತ ಅನ್ನುವವನು, ಅವನಿಗೆ ಮಹಾಪ್ರಾಣ ಬಾಯಲ್ಲೇ ಇದೆ. ಕರ್ನಾಟಕದಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ, ಓದುತ್ತಾರೆ. ಹಾಗಾಗಿ ಮೊದಲ ಹತ್ತು ಪದ ಅವನ ಮನೆಮಾತಿನವೇ ಇರಲಿ. ಲಿಪಿ ಕೈಗೆ ಬಂದ ಮೇಲೆ ಕನ್ನಡ ಪದಗಳು ಹಿಂದೆಯೇ ಬರುತ್ತವೆ.

ಆಟ ಮಾಡುವವರು ಇನ್ನೊಂದು ಕಡೆ ಎಡವುತ್ತಾರೆ. ಇಂಗ್ಲಿಷ್ ಆಟದ ಅಚ್ಚನ್ನು ತಂದು ಅದಕ್ಕೆ ಕನ್ನಡ ಹೊಯ್ಯುತ್ತಾರೆ. ಇಂಗ್ಲಿಷಿನಲ್ಲಿ ಅಕ್ಷರ 26, ಕಷ್ಟವೆಲ್ಲ ಒಂದೇ ಅಕ್ಷರಕ್ಕೆ ನಾಲ್ಕಾರು ಉಚ್ಚಾರ ಇರುವುದರಲ್ಲಿ. ನಮ್ಮಲ್ಲಿ ಉಲ್ಟಾ. ಕ ಅಂದರೆ ಕ, ಅದರ ಹೆಸರೇ ಅದರ ಸದ್ದು. ಕಷ್ಟ ಇರುವುದು ಲೆಕ್ಕದಲ್ಲಿ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಕ್ಕೆ ತಲಾ 15 ರೂಪದ ಕಾಗುಣಿತ ಅಂದರೆ 510. ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ನಮ್ಮ ಮಕ್ಕಳು ಅಕ್ಷರಗಳನ್ನು ಪೂರ್ತಿ ಹಿಡಿತಕ್ಕೆ ತಂದುಕೊಳ್ಳಲು ಇಂಗ್ಲಿಷಿನಂಥ ಭಾಷೆಯ ಮಕ್ಕಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ, ಮೂರು ನಾಲ್ಕನೇ ತರಗತಿಯವರೆಗೂ ಕಲಿಕೆ ನಡೆದೇ ಇರುತ್ತದೆ. ಇದು ಲಿಪಿಯ ಗುಣ, ದಡ್ಡತನ ಅಲ್ಲ. ಅಂಥದ್ದರಲ್ಲಿ ಅ ಇಂದ ಳ ವರೆಗೆ ಬಲೂನು ಒಡೆಸಿ "ಅಭಿನಂದನೆಗಳು, ನೀವು ಓದಲು ಕಲಿತಿರಿ" ಅಂದರೆ ಹೇಗೆ? ಅದು ಮೊದಲ ಮೆಟ್ಟಿಲು, ಅಷ್ಟೇ.

ವರ್ಣಮಾಲೆಯ ಕ್ರಮದಲ್ಲೇ ಶುರುಮಾಡಬೇಕು ಅಂತಲೂ ಇಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ನಲಿಕಲಿ ಅನ್ನುವ ಪಾಠದ ಪದ್ಧತಿಯಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಐದೇ ಅಕ್ಷರ. ಅಷ್ಟರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮಗು ಮೊದಲ ವಾರವೇ "ಗರಗಸ" ಓದಿ ಮುಖ ಅರಳಿಸುವುದನ್ನು ನೋಡಬೇಕು ನೀವು. ಅ ಇಂದ ಅಃ ವರೆಗೆ ಹದಿನೈದು ಅಕ್ಷರ ಬಾಯಿಪಾಠ ಮಾಡಿದ ಮಗು ಅಷ್ಟರಲ್ಲಿ ಯಾವ ಪದ ಓದೀತು? ಆ, ಈ, ಓ! ಆದ್ದರಿಂದ ಹೊಸ ಗೇಮ್ ನೋಡುವಾಗ ಒಂದು ಕಣ್ಣು ಇಲ್ಲಿಡಿ. ನಾಲ್ಕೈದು ಅಕ್ಷರ ಆದ ಕೂಡಲೇ ಅವನ್ನು ಜೋಡಿಸಿ ಪದ ಓದಿಸುತ್ತದಾ, ಇಲ್ಲಾ ಮುಂದಿನ ಅಕ್ಷರಕ್ಕೆ ಓಡುತ್ತದಾ?

ಇನ್ನೊಂದು ಕಣ್ಣು ತಪ್ಪು ಉತ್ತರಗಳ ಮೇಲೆ. ಮ ಎಲ್ಲಿದೆ ಅಂತ ಕೇಳಿ ಪಕ್ಕದಲ್ಲಿ ಟ, ಕ, ಇ ಇಟ್ಟರೆ ಅದು ಪರೀಕ್ಷೆಯೇ ಅಲ್ಲ, ಆಕಾರ ಅಷ್ಟು ದೂರ. ಮ ಪಕ್ಕದಲ್ಲಿ ವ, ಯ, ವು ಇಡಬೇಕು. ಪ ಕೇಳಿದರೆ ಷ, ಫ ಇರಬೇಕು. ಸ ಕೇಳಿದರೆ ನ. ಎ ಕೇಳಿದರೆ ಏ. ಮಕ್ಕಳು ಮುಗ್ಗರಿಸುವುದೇ ಇಲ್ಲಿ. ಮುಗ್ಗರಿಸುವ ಜಾಗದಲ್ಲಿ ಹತ್ತಾರು ಸಲ ನಡೆಸುವುದಕ್ಕೆ ಕಂಪ್ಯೂಟರಿನಷ್ಟು ತಾಳ್ಮೆಯ ಗುರು ಇಲ್ಲ, ನನಗಂತೂ ಅಷ್ಟಿರಲಿಲ್ಲ. ಆಟದ ನಿಜವಾದ ಉಪಯೋಗ ಅದು.

ಧ್ವನಿಗೆ ನನ್ನದೊಂದು ಚಿಕ್ಕ ಪರೀಕ್ಷೆ ಇದೆ, ಬಾಳೆಹಣ್ಣು. ಆಟ ಅದನ್ನು "ಬಾಲೆಹಣ್ಣು" ಅಂದರೆ ಅಲ್ಲೇ ತೆಗೆದುಹಾಕಿ. ಕನ್ನಡ ಬಾರದವರು ಬರೆದದ್ದನ್ನು ಓದಿದ್ದಾರೆ ಅಂತ ಅರ್ಥ. ಹಾಗೇ ಅಮ್ಮ ಅನ್ನುವ ಪದ ಪರದೆಯಲ್ಲಿ ಒಡೆದು ಅಮ್‌ಮ ಅಂತ ಕಂಡರೂ ಅಷ್ಟೇ. ಒತ್ತಕ್ಷರ ಸರಿಯಾಗಿ ಕೂರಿಸಲಾರದ ಆಟ ಒತ್ತಕ್ಷರ ಕಲಿಸುವುದಾದರೂ ಹೇಗೆ?

ಗೇಮ್‌ಗಳಿಂದ ಓದು ನಿಜವಾಗಿ ಬರುತ್ತದಾ ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು. ಇದನ್ನು ಬಹಳ ಗಂಭೀರವಾಗಿ ಪರೀಕ್ಷೆ ಮಾಡಿಸಿಕೊಂಡ ಆಟಗಳಲ್ಲಿ ಒಂದು ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಗ್ರಾಫೊಗೇಮ್. ಸದ್ದು ಕೇಳು, ಅಕ್ಷರ ಹಿಡಿ, ಇಷ್ಟೇ ಅದರ ಆಟ. ಇಂಗ್ಲೆಂಡಿನಲ್ಲಿ ಅದನ್ನು ಶಾಲಾ ಮಕ್ಕಳಿಗೆ ಆಡಿಸಿ ನೋಡಿದರು, 2018ರಲ್ಲಿ ವರದಿ ಬಂತು. ಆಡಿದ ಮಕ್ಕಳು ಆಡದವರಿಗಿಂತ ಚೆನ್ನಾಗಿ ಓದಿದರು ಅನ್ನಲು ಪುರಾವೆ ಸಿಗಲಿಲ್ಲ. 2020ರಲ್ಲಿ ಬೇರೆ ಸಂಶೋಧಕರು ಹಲವು ದೇಶಗಳ ಫಲಿತಾಂಶ ಒಟ್ಟು ಸೇರಿಸಿ ನೋಡಿದಾಗಲೂ ಪದ ಓದುವುದರಲ್ಲಿ ಸರಾಸರಿ ಲಾಭ ಹೆಚ್ಚುಕಡಿಮೆ ಸೊನ್ನೆ. ಆದರೆ ಒಂದು ಕಡೆ ಮಾತ್ರ ಲೆಕ್ಕ ಬದಲಾಯಿತು. ಆಡುವ ಮಗುವಿನ ಜೊತೆ ದೊಡ್ಡವರು ಕೂತು ಮಾತಾಡುತ್ತಾ, ಗಮನ ಕೊಡುತ್ತಾ ಇದ್ದ ಕಡೆ ಲಾಭ ಕಂಡಿತು.

ನಿಮ್ಮ ಅತ್ತೆಯವರನ್ನು ನಾನು ಕರೆಯುವುದು ಇಲ್ಲಿ. ಅವರಿಗೆ ಓದು ಬರದಿದ್ದರೆ ಇನ್ನೂ ಒಳ್ಳೆಯದು. ಮಗ ಮೊಬೈಲ್ ಹಿಡಿದು ಮೂಲೆ ಸೇರುವ ಬದಲು ಅಜ್ಜಿಯ ಪಕ್ಕ ಕೂರಲಿ. ಪ್ರತಿ ಸಲ ಒತ್ತುವ ಮೊದಲು ಅಜ್ಜಿ ಕೊಂಕಣಿಯಲ್ಲೇ ಕೇಳಲಿ: ಇದ್ಯಾವ ಅಕ್ಷರ, ನಿನಗೆ ಹೇಗೆ ಗೊತ್ತಾಯ್ತು? ಗೊತ್ತಿರುವ ಅಮ್ಮ ಕೇಳಿದರೆ ಮಕ್ಕಳಿಗೆ ಪರೀಕ್ಷೆಯ ವಾಸನೆ ಹೊಡೆಯುತ್ತದೆ. ಗೊತ್ತಿಲ್ಲದ ಅಜ್ಜಿ ಕೇಳಿದರೆ ಅವನೇ ಮಾಸ್ತರು. ವಿವರಿಸಲು ಹೋದಾಗ ತನಗೆ ಗೊತ್ತಿಲ್ಲದ್ದು ಅವನಿಗೇ ಗೊತ್ತಾಗುತ್ತದೆ.

ಯಾವ ಗೇಮ್ ಒಳ್ಳೆಯದು ಅಂತ ಹೆಸರು ಕೇಳಿದ್ದೀರಿ. ಹೆಸರು ಹೇಳಿ ಕೈತೊಳೆದುಕೊಳ್ಳಲು ನನಗೆ ಧೈರ್ಯವಿಲ್ಲ. ಇವತ್ತು ಚೆನ್ನಾಗಿದ್ದ ಆಟ ಮುಂದಿನ ಅಪ್‌ಡೇಟಿನಲ್ಲಿ ಜಾಹೀರಾತು ತುಂಬಿಕೊಂಡು ಬರುತ್ತದೆ. ಬದಲಿಗೆ ದುಡ್ಡಿಲ್ಲದ ಒಂದು ಆಟ ಹೇಳುತ್ತೇನೆ. ಅದು ಈಗಾಗಲೇ ನಿಮ್ಮ ಮೊಬೈಲಿನಲ್ಲೇ ಇದೆ: ಕನ್ನಡ ಕೀಬೋರ್ಡು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತದಲ್ಲ, ಅದು ಬೇಡ. ಕನ್ನಡದ್ದೇ ಅಕ್ಷರಗಳಿರುವ ಕೀಬೋರ್ಡು ಆರಿಸಿಕೊಳ್ಳಿ. ಅಕ್ಷರ ದೊಡ್ಡದಾಗಿ ಕಾಣುವ ಹಾಗೆ ಮಾಡಿ. ಅವನು ಕ ಒತ್ತಲಿ. ಆಮೇಲೆ ಇಳಿ ಗುರುತಿನ ಾ ಒತ್ತಲಿ, ಕಣ್ಣೆದುರೇ ಕ ಹೋಗಿ ಕಾ ಆಗುತ್ತದೆ. ಅದನ್ನು ಅಳಿಸಿ ಗುಡಿಸು ಗುರುತಿನ ಿ ಒತ್ತಿದರೆ ಕಿ. ಗುಣಿತ ಅಂದರೆ ಒಂದು ಅಕ್ಷರಕ್ಕೆ ಇನ್ನೊಂದು ಸದ್ದು ಅಂಟಿಸುವುದು ಅಂತ ಸ್ಲೇಟಿನ ಮೇಲೆ ನಾನು ತಿಂಗಳುಗಟ್ಟಲೆ ಹೇಳಿದರೂ ಹೊಳೆಯದ ಮಕ್ಕಳಿಗೆ ಇದು ಐದು ನಿಮಿಷದಲ್ಲಿ ಹೊಳೆದದ್ದುಂಟು.

ಒತ್ತಕ್ಷರ ಇನ್ನೂ ಚಂದ. ಅಪ್ಪನಿಗೆ ಮೆಸೇಜ್ ಕಳಿಸೋಣ ಅನ್ನಿ. ಪ ಒತ್ತಿದ. ಮತ್ತೆ ಪ. ಆಮೇಲೆ ಅಕ್ಷರವನ್ನು ಅರ್ಧ ಮಾಡುವ ಆ ಕೊಕ್ಕೆ, ್. ಎರಡನೇ ಪ ಈಗ ಪ್ ಆಯ್ತು, ತಲೆಯ ಮೇಲೆ ಕೊಕ್ಕೆ ಬಂತು. ಮತ್ತೊಂದು ಪ ಒತ್ತಿದ ತಕ್ಷಣ ಕೊಕ್ಕೆ ಮಾಯ, ಹೊಸ ಪ ಪುಟ್ಟದಾಗಿ ಕೆಳಗೆ ಹೋಗಿ ಕೂತಿತು. ಕೊನೆಗೆ ಾ. ಪಪ್ಪಾ! ಒತ್ತಿದ್ದು ಐದು ಸಲ, ಕಾಣುವುದು ಎರಡೇ ಅಕ್ಷರ. ಉಳಿದ ಮೂರು ಎಲ್ಲಿ ಹೋದವು ಅಂತ ಅವನನ್ನೇ ಹುಡುಕಲು ಬಿಡಿ. ಬೋಟು ಸಿಗ್ನಲ್ ಇರುವ ಕಡೆ ಬಂದಾಗ ಅತ್ತ ಕಡೆಯಿಂದಲೂ ಎರಡಕ್ಷರ ಬರಲಿ, ಸ್ಟಿಕ್ಕರ್ ಬೇಡ, ವಾಯ್ಸ್ ಮೆಸೇಜೂ ಬೇಡ. ಅವನಿಗೆ ಓದಲೇಬೇಕಾದ ಕಾರಣ ಒಂದು ಬೇಕಲ್ಲ.

ಬಸ್ಸಿನ ಬೋರ್ಡೂ ಒಂದು ಆಟವೇ. ಆದರೆ ಹಂತ ನೋಡಿ ಕೊಡಿ. ಕಾರವಾರ ಅನ್ನುವುದು ಸುಲಭ, ಗುಣಿತ ಅಂತ ಇರುವುದು ಾ ಒಂದೇ, ರ ಎರಡು ಸಲ ಬರುತ್ತದೆ. ಮಾಜಾಳಿ, ಸದಾಶಿವಗಡ ಎರಡನೇ ಹಂತ. ಅಂಕೋಲಾ, ಕುಮಟಾ ಮೂರನೆಯದು. ಹೊನ್ನಾವರಕ್ಕೆ ಒತ್ತು ಬೇಕು. ಭಟ್ಕಳಕ್ಕೆ ಬೇರೆ ಅಕ್ಷರದ ಒತ್ತು, ಅದು ಈ ವರ್ಷ ಬರದಿದ್ದರೂ ಚಿಂತೆಯಿಲ್ಲ. ಲೈಟಿನ ಬೋರ್ಡಿನಲ್ಲಿ ಓಡುವ ಅಕ್ಷರ ಬೇಡ, ಅದನ್ನು ಓದುವಾಗ ನನಗೇ ಬಸ್ಸು ತಪ್ಪಿದೆ.

ಎಷ್ಟು ಹೊತ್ತು ಅಂತ ಕೇಳಿದಿರಿ. ಭಾರತದ ಮಕ್ಕಳ ವೈದ್ಯರ ಸಂಘ 2021ರಲ್ಲಿ ಕೊಟ್ಟ ಸಲಹೆ ಪ್ರಕಾರ 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, 5ರಿಂದ 10 ವರ್ಷದವರಿಗೆ 2 ಗಂಟೆಗಿಂತ ಕಡಿಮೆ. ಅದರಲ್ಲಿ ಕಾರ್ಟೂನೂ ಬಂತು. ಓದಿನ ಆಟಕ್ಕೆ ನಾನು ಹೇಳುವುದು ಹದಿನೈದು ನಿಮಿಷ, ದಿನಾ. ಭಾನುವಾರ ಒಂದೇ ಸಲ ಎರಡು ಗಂಟೆ ಕೊಟ್ಟರೆ ಅದು ಲೆಕ್ಕಕ್ಕಿಲ್ಲ. ಊಟ ಮಾಡಿಸುವಾಗ ಬೇಡವೇ ಬೇಡ.

ಆಟದ ಜೊತೆ ಪುಸ್ತಕವೂ ಇರಲಿ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ, ಹಂತದ ಪ್ರಕಾರ ಬೇರೆ ಬೇರೆ ಮಾಡಿ ಇಟ್ಟಿದ್ದಾರೆ. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು ಅಷ್ಟೇ. ಬಿಸಿಲಿರುವಾಗಲೇ ನಾಲ್ಕಾರು ಕಥೆ ಇಳಿಸಿಟ್ಟುಕೊಳ್ಳಿ. ನಮ್ಮ ಕಡೆ ಮಳೆ ಹಿಡಿದರೆ ಕರೆಂಟು, ನೆಟ್‌ವರ್ಕು ಎರಡೂ ಒಟ್ಟಿಗೇ ಹೋಗುತ್ತವೆ, ಗೊತ್ತಲ್ಲ. ನೆಟ್ ಇಲ್ಲದೆ ನಡೆಯದ ಗೇಮ್ ಕೊಂಡುಕೊಳ್ಳಬೇಡಿ ಅನ್ನುವುದಕ್ಕೂ ಇದೇ ಕಾರಣ.

ಕಣ್ಣು, ಕಿವಿ ಒಮ್ಮೆ ತೋರಿಸಿಡಿ, ತಲೆ ಕೆಡಿಸಿಕೊಳ್ಳಬೇಡಿ. ಎರಡನೇ ತರಗತಿ ಮುಗಿಯುವ ಹೊತ್ತಿಗೂ ಉದಕ, ಸರ, ಮರ ಅನ್ನುವಂಥ ಪದಗಳನ್ನೇ ಕೂಡಿಸಿ ಓದಲು ಒದ್ದಾಡುತ್ತಿದ್ದರೆ ಆಗ ಮತ್ತೆ ಬರೆಯಿರಿ, ಯಾರ ಹತ್ತಿರ ತೋರಿಸಬೇಕು ಅಂತ ಮಾತಾಡೋಣ.

ಚಂದಾ ಬಗ್ಗೆ ಒಂದು ಮಾತು. ಬೇಡ ಅನಿಸಿ ಗೇಮ್ ಅನ್ನು ಮೊಬೈಲಿನಿಂದ ತೆಗೆದುಹಾಕಿದರೆ ಚಂದಾ ತಾನಾಗಿ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿ ನಿಮ್ಮ ಫೋಟೋ ಒತ್ತಿ ಪಾವತಿ ಮತ್ತು ಚಂದಾಗಳು ಅನ್ನುವಲ್ಲಿಗೆ ಹೋಗಿ ರದ್ದು ಮಾಡಬೇಕು. ಇಲ್ಲದಿದ್ದರೆ ಮುಂದಿನ ಜುಲೈಯಲ್ಲಿ ಮತ್ತೆ ದುಡ್ಡು ಕಟ್ ಆಗುತ್ತದೆ. ತಾರೀಕು ನೋಡಿ ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.